ಜಕ್ಕಲೆಯ ಜೋಡಿತಂತಿಯೂ ಮಾಯಾವಿಯ ನಗಾರಿಯೂ

ಬಹಳ ಬಹಳ ಹಿಂದೆ, ಮರಗಿಡಗಳು ಮನುಷ್ಯರ ಮಾತಿಗೆ ತಲೆದೂಗುತ್ತಿದ್ದ ಕಾಲದಲ್ಲಿ, ಸೆಳೆಯೂರು ಎಂಬ ಒಂದು ರಾಜ್ಯವಿತ್ತು. ನಾಲ್ಕು ದಿಕ್ಕಿನಿಂದ ಬರುವ ಸರಕಿನ ಬಂಡಿಗಳು ಅಲ್ಲಿ ಬಂದು ಕೂಡುತ್ತಿದ್ದವು. ಬಂಡಿಯ ಜೊತೆ ಬಂದವರಲ್ಲಿ ಕೆಲವರಿಗೆ ಊರು ಹಿಡಿಸಿತು, ಅವರು ಅಲ್ಲೇ ಮನೆ ಕಟ್ಟಿಕೊಂಡರು. ಹಾಗೆ ಉಳಿದವರದ್ದೇ ಒಂದು ಕೇರಿ ಆಯಿತು. ಅದಕ್ಕೆ ಕಮಾನುಕೇರಿ ಎಂದು ಹೆಸರು.

ಆ ಕೇರಿಯಲ್ಲಿ ಮನೆಗೊಂದು ದೇಶ, ದೇಶಕ್ಕೊಂದು ವಾದ್ಯ. ಎಲ್ಲವೂ ಕಮಾನಿನಿಂದ ಎಳೆದು ನುಡಿಸುವಂಥವೇ. ಕುದುರೆಗಳ ನಾಡಿನಿಂದ ಬಂದ ತೆಮೂರಜ್ಜನ ವಾದ್ಯದ ತುದಿಯಲ್ಲಿ ಮರದ ಕುದುರೆತಲೆ ಇತ್ತು. ಮರಳುನಾಡಿನ ತಾಲಾ ಅತ್ತೆಯದು ಸೋರೆಬುರುಡೆಗೆ ಕಟ್ಟಿದ ಒಂದೇ ತಂತಿ; ಅದನ್ನು ಹೆಂಗಸರು ಮಾತ್ರ ನುಡಿಸಬೇಕು, ಗಂಡಸರು ಮುಟ್ಟಲು ಹೋದರೆ ಕೈಮೇಲೆ ಏಟು ಬೀಳುತ್ತಿತ್ತು. ಹಿಮದ ನಾಡಿನವರ ಪಿಟೀಲಿಗೆ ಮೇಲೊಂದಿಷ್ಟು ತಂತಿ, ಕೆಳಗೆ ಯಾರೂ ಮುಟ್ಟದ ಇನ್ನೊಂದಿಷ್ಟು ತಂತಿ. ಮೇಲಿನವು ಹಾಡಿದರೆ ಕೆಳಗಿನವು ತಾವಾಗಿಯೇ ಗುನುಗುತ್ತಿದ್ದವು. ಸಾರಂಗಿಯವರು ತಂತಿಯನ್ನು ಉಗುರಿನ ಬುಡದಿಂದ ಒತ್ತುತ್ತಿದ್ದರು. ರಾವಣಹಸ್ತದವರ ಕಮಾನಿಗೆ ಗೆಜ್ಜೆ. ಒಬ್ಬರ ವಾದ್ಯವನ್ನು ಕಂಡರೆ ಇನ್ನೊಬ್ಬರಿಗೆ ನಗು. ಹಾಗೆ ಆಡಿಕೊಳ್ಳುತ್ತಲೇ ಎಲ್ಲರೂ ಸುಖವಾಗಿದ್ದರು.

ಕೇರಿಯ ಕೊನೆಯ ಮನೆಯಲ್ಲಿ ಮಾಳವ್ವ ಎಂಬ ಹೆಂಗಸೂ ಅವಳ ಮಗಳು ಜಕ್ಕಲೆಯೂ ಇದ್ದರು. ಅವರದು ಜೋಡಿತಂತಿ. ತೆಂಗಿನ ಚಿಪ್ಪು, ಅದಕ್ಕೊಂದು ಉದ್ದನೆಯ ಕೋಲು, ಕೋಲಿಗೆ ಎರಡು ತಂತಿ. ಬೇರೆಯವರ ಕಮಾನು ತಂತಿಯ ಮೇಲೆ ಓಡಾಡಿದರೆ ಇವರದು ಎರಡು ತಂತಿಗಳ ನಡುವೆ ಸಿಕ್ಕಿಕೊಂಡೇ ಇರುತ್ತಿತ್ತು. ಕಮಾನನ್ನು ಬೇರೆ ಮಾಡಬೇಕೆಂದರೆ ತಂತಿ ಬಿಚ್ಚಬೇಕು, ಇಲ್ಲವೇ ಕಡಿಯಬೇಕು. "ಇದೆಂಥಾ ವಾದ್ಯವೇ ಮಾಳವ್ವಾ, ಗಂಡ ಹೆಂಡತಿ ಹಂಗ ಬಿಡಿಸಾಕ ಬರಂಗಿಲ್ಲ," ಎಂದು ತಾಲಾ ಅತ್ತೆ ನಗುತ್ತಿದ್ದಳು.

ಇನ್ನು ಆ ಕೇರಿಯ ಒಂದು ಕಟ್ಟಳೆ ಹೇಳಬೇಕು. ಕಮಾನಿಗೆ ಕಟ್ಟುವುದು ಕುದುರೆಯ ಬಾಲದ ಕೂದಲು. ಅದಕ್ಕೆ ಮರದ ರಾಳ ತಿಕ್ಕಬೇಕು. ತಿಕ್ಕದಿದ್ದರೆ ಕೂದಲು ತಂತಿಯ ಮೇಲೆ ಜಾರುತ್ತದೆ, ಸದ್ದೇ ಹುಟ್ಟುವುದಿಲ್ಲ. ಈ ರಾಳವನ್ನು ಮಕ್ಕಳ ಕಮಾನಿಗೆ ತಾಯಿಯೇ ತಿಕ್ಕಬೇಕು. ಮಕ್ಕಳು ಮುದುಕರಾದರೂ ಸರಿ, ತಾಯಿ ಇರುವ ತನಕ ತಾಯಿಯ ಕೈ. ತಾಯಿ ಸತ್ತವರು ಮಾತ್ರ ತಮ್ಮ ಕಮಾನಿಗೆ ತಾವೇ ತಿಕ್ಕಿಕೊಳ್ಳುತ್ತಿದ್ದರು. ತಾಯಿ ಬದುಕಿರುವಾಗಲೇ ಯಾರಾದರೂ ತಾವೇ ತಿಕ್ಕಿಕೊಂಡರೆ, ಅವಳನ್ನು ಜೀವಂತ ಮಣ್ಣು ಮಾಡಿದ ಹಾಗೆ ಎಂದು ಕೇರಿಯವರು ನಂಬಿದ್ದರು. ನಿಮಗೆ ನಗು ಬರಬಹುದು. ಅವರಿಗೆ ಅದು ನಗುವ ಮಾತಾಗಿರಲಿಲ್ಲ.

ಹೀಗಿರುವಾಗ ಡಿಂಡಿಮಕ ಎಂಬ ಮಾಯಾವಿ ಸೆಳೆಯೂರಿಗೆ ಬಂದ. ಬರುವಾಗ ತಾಮ್ರದ ದೊಡ್ಡ ನಗಾರಿಯನ್ನು ತಂದ. ಅರಮನೆಯ ಅಂಗಳದಲ್ಲಿ ಅದನ್ನಿಟ್ಟು ಬಡಿದ. ಢಂ ಎಂದಿತು, ಜನ ನಿಂತರು. ಢಂ ಢಂ ಎಂದಿತು, ಜನ ಮಂಡಿಯೂರಿದರು. ಅರಸ ಸಿಂಹಬಲ ಎಲ್ಲರಿಗಿಂತ ಮೊದಲು ಊರಿದ. ಅವನಿಗೆ ಸಿಂಹ ಇದ್ದದ್ದು ಹೆಸರಿನಲ್ಲಿ ಮಾತ್ರ. ನಗಾರಿಯ ಒಂದು ಬಡಿತಕ್ಕೂ ಇನ್ನೊಂದು ಬಡಿತಕ್ಕೂ ನಡುವೆ ಬರಿದಾದ ಜಾಗವಿರುತ್ತದಲ್ಲ, ಆ ಜಾಗದಲ್ಲಿ ಕೈಹಾಕಿ ಡಿಂಡಿಮಕ ಜನರ ಮನಸ್ಸನ್ನು ಎತ್ತಿಕೊಳ್ಳುತ್ತಿದ್ದ. ಮನಸ್ಸು ಹೋದವರ ಬಾಯಲ್ಲಿ ಉಳಿಯುತ್ತಿದ್ದದ್ದು ಒಂದೇ ಮಾತು: "ಅಪ್ಪಣೆ." ಊಟ ಮಾಡು ಎಂದರೆ ಅಪ್ಪಣೆ. ಉಪವಾಸ ಬೀಳು ಎಂದರೆ ಅಪ್ಪಣೆ. ನಿನ್ನ ಮನೆಗೆ ನೀನೇ ಬೆಂಕಿ ಹಚ್ಚು ಎಂದರೂ ಅಪ್ಪಣೆ.

ಡಿಂಡಿಮಕನಿಗೆ ಹೆದರಿಕೆ ಇದ್ದದ್ದು ಕಮಾನುಕೇರಿಯದೊಂದೇ. ಮೀಟಿದ ತಂತಿ ಒಂದು ಗಳಿಗೆ ಝೇಂಕರಿಸಿ ಸುಮ್ಮನಾಗುತ್ತದೆ. ಕಮಾನಿನಿಂದ ಎಳೆದ ನಾದ ಹಾಗಲ್ಲ, ಹೋಗುವಾಗಲೂ ಹಾಡುತ್ತದೆ, ಬರುವಾಗಲೂ ಹಾಡುತ್ತದೆ. ಅದು ತುಂಬಿಕೊಂಡರೆ ಬಡಿತಗಳ ನಡುವೆ ಬರಿದು ಜಾಗವೇ ಉಳಿಯುವುದಿಲ್ಲ, ಮಾಯಾವಿಗೆ ಕೈಹಾಕಲು ಸಂದೇ ಇರುವುದಿಲ್ಲ. ಅದಕ್ಕೇ ಅವನು ಡಂಗುರ ಹೊಡೆಸಿದ. ತಂತಿ ಮೀಟುವವರು ಮೀಟಲಿ, ಎಳೆಯುವವರು ಎಳೆಯಕೂಡದು. ಕಮಾನುಗಳನ್ನೆಲ್ಲ ಸುಡಿಸಿದ. ಮತ್ತೆ ಕಟ್ಟಿಕೊಂಡಾರು ಎಂದು ರಾಜ್ಯದ ಕುದುರೆಗಳ ಬಾಲವನ್ನೆಲ್ಲ ಬೋಳಿಸಿದ. ರಾಳದ ಮರಗಳಿದ್ದ ಗುಡ್ಡಕ್ಕೆ ಕಾವಲಿಟ್ಟ. ಬಾಲವಿಲ್ಲದ ಕುದುರೆಗಳು ನೊಣ ಓಡಿಸಲಾರದೆ ಒದ್ದಾಡುತ್ತಿದ್ದವು. ಆ ಮನುಷ್ಯನ ಮೇಲೆ ನನಗೆ ಈಗಲೂ ಸಿಟ್ಟು ಬರುವುದು ಈ ಒಂದು ಕೆಲಸಕ್ಕೆ.

ಕೇರಿಯವರು ಬಾಗಿಲು ಹಾಕಿಕೊಂಡು ಗುನುಗುವುದನ್ನು ಕಲಿತರು. ನಗಾರಿ ಬಡಿಯುವ ಹೊತ್ತಿಗೆ ಒಬ್ಬರು ಮ್ಞ್ ಎಂದು ಗುನುಗು ಹಿಡಿದರೆ, ಅವರು ಉಸಿರು ತೆಗೆದುಕೊಳ್ಳುವಾಗ ಇನ್ನೊಬ್ಬರು ಎತ್ತಿಕೊಳ್ಳುತ್ತಿದ್ದರು. ಹಾಗೆ ಬಚಾವಾದರು. ಮಾಳವ್ವ ಮಾತ್ರ ಗುನುಗಲಿಲ್ಲ. "ಕಳ್ಳರಂಗ ಬಾಗಲಾ ಹಾಕ್ಕೊಂಡು ಗುನುಗಾಕ ನಾ ಏನ್ ತಪ್ಪು ಮಾಡೀನಿ?" ಎಂದು ಮಣೆ ತೆಗೆದುಕೊಂಡು ಹೋಗಿ ಅರಮನೆಯ ಮುಂದೆ ಕುಳಿತು, ಸುಡುವವರ ಕೈಗೆ ಕೊಡದೆ ಉಳಿಸಿಕೊಂಡಿದ್ದ ಜೋಡಿತಂತಿ ನುಡಿಸಿದಳು. ಸಿಪಾಯಿಗಳು ತಂತಿ ಕಡಿದು ಕಮಾನು ಮುರಿದರು. ಡಿಂಡಿಮಕ ಅವಳ ಕಿವಿಯ ಹತ್ತಿರವೇ ನಗಾರಿ ಬಡಿದ. ಮಾಳವ್ವನ ಕಣ್ಣು ಮಂಕಾಯಿತು. "ಏಳು" ಎಂದ. "ಅಪ್ಪಣೆ" ಎಂದಳು. ನೆಲಮಾಳಿಗೆಗೆ ಹೋಗಿ ನಗಾರಿಯ ತೊಗಲು ಕಾಯಿಸುವ ಬೆಂಕಿಗೆ ಕಟ್ಟಿಗೆ ಹಾಕುವ ಕೆಲಸಕ್ಕೆ ನಿಂತಳು.

ಇದನ್ನೆಲ್ಲ ಜಕ್ಕಲೆ, ತಾಲಾ ಅತ್ತೆಯ ಜೊತೆ ಸರದಿಯಲ್ಲಿ ಗುನುಗುತ್ತಾ, ದೂರದಿಂದ ಕಣ್ಣಾರೆ ಕಂಡಳು. ಅವಳು ಮೊದಲೇ ಹಟಮಾರಿ. ಅತ್ತಳು, ಮುಖ ತೊಳೆದುಕೊಂಡಳು, ಮುರಿದ ಜೋಡಿತಂತಿಯನ್ನು ಹೊತ್ತು ತೆಮೂರಜ್ಜನ ಬಾಗಿಲಿಗೆ ಹೋದಳು.

"ಯಜ್ಜಾ, ನಾ ಕಮಾನು ಕಟ್ಟಾಕಿ."

"ಕೂದ್ಲಾ ಎಲ್ಲಿಂದ ತರ್ತಿ, ತಂಗಿ? ರಾಜ್ಯದಾಗ ಬಾಲ ಇರೋ ಕುದುರಿ ಒಂದೇ. ಮಾಯಾವಿಯ ಕೆಂಡಗೊರಸಿನ ಕುದುರಿ. ಅದರ ಹತ್ರ ಹೋದವ್ರು ಬೂದಿ ಆಗ್ಯಾರ."

"ನಿಮ್ಮ ನಾಡಿನಾಗ ಸಿಟ್ಟಿನ ಕುದುರಿಗಿ ಏನ್ ಮಾಡ್ತಿದ್ರಿ?"

ಅಜ್ಜ ತನ್ನ ಬೋಳು ತಲೆ ತುರಿಸಿಕೊಂಡ. "ಮರಿ ಹತ್ರ ಬಿಟ್ಕೊಳ್ಳದ ತಾಯಿ ಮುಂದ ಕುಂತು ಉದ್ದ ರಾಗ ನುಡಸ್ತಿದ್ವಿ. ಅದು ಅಳೋತನಕ. ಮತ್ತ ಒಂದು ಮಾತು. ಕೂದ್ಲಾ ಕತ್ತರಿಸಬ್ಯಾಡ. ಅದಾಗೇ ಕೊಡಬೇಕು."

ಜಕ್ಕಲೆ ಬಡಗಣ ಬಯಲಿಗೆ ಹೋದಳು. ಅಲ್ಲಿ ಹೊಗೆಬಣ್ಣದ ಹೆಣ್ಣುಕುದುರೆ ನಿಂತಿತ್ತು. ಬಾಲ ನೆಲ ಮುಟ್ಟುತ್ತಿತ್ತು, ಗೊರಸುಗಳು ಕೆಂಡದಂತೆ ಉರಿಯುತ್ತಿದ್ದವು. ಕಾಲಿಟ್ಟಲ್ಲಿ ಹುಲ್ಲು ಸುಟ್ಟುಹೋಗುತ್ತಿತ್ತು. ದೂರದಲ್ಲಿ ಅದರ ಮರಿ ಹಸಿದು ಕೂಗುತ್ತಿತ್ತು, ಹತ್ತಿರ ಬರಲು ಹೆದರುತ್ತಿತ್ತು.

"ಮಂಡಿಯೂರು," ಎಂದಿತು ಕುದುರೆ. "ನನ್ನ ಒಡೆಯನ ಮುಂದೆ ಎಲ್ಲರೂ ಊರುತ್ತಾರೆ."

"ಮಂಡಿ ಊರಂಗಿಲ್ಲ," ಎಂದಳು ಜಕ್ಕಲೆ. "ಬ್ಯಾರೆ ಏನರ ಕೇಳು."

ಕುದುರೆ ಬೆಂಕಿ ಚಿಮ್ಮಿಸುತ್ತಾ ಓಡಿ ಬಂತು. ಜಕ್ಕಲೆ ನಿಂತಲ್ಲಿಂದ ಅಲುಗಲಿಲ್ಲ, ಅಜ್ಜನ ಉದ್ದ ರಾಗವನ್ನು ಗಂಟಲಿನಲ್ಲೇ ಹಾಡತೊಡಗಿದಳು. ಉಸಿರು ಮುಗಿದು ರಾಗ ಮುರಿಯಿತು. ಮತ್ತೆ ಹಿಡಿದಳು. ಮತ್ತೆ ಮುರಿಯಿತು. ಮತ್ತೆ ಹಿಡಿದಳು. ಕುದುರೆ ಅವಳ ಸುತ್ತ ಸುತ್ತಿತು, ಅವಳ ಸೆರಗಿನ ಅಂಚು ಹೊತ್ತಿಕೊಂಡಿತು. ಅದನ್ನು ಕೈಯಲ್ಲಿ ಹೊಸಕಿ ಹಾಡಿದಳು. ಕೊನೆಗೆ ಕುದುರೆಯ ಕಣ್ಣು ತುಂಬಿತು. ಕಣ್ಣೀರು ತೊಟ್ಟಿಕ್ಕಿ ಗೊರಸಿನ ಮೇಲೆ ಬಿತ್ತು, ಚುಂಯ್ ಎಂದು ಬೆಂಕಿ ಆರಿತು. ನಾಲ್ಕೂ ಗೊರಸು ಆರಿದ್ದೇ ತಡ, ಮರಿ ಓಡಿ ಬಂದು ಕೆಚ್ಚಲಿಗೆ ಬಾಯಿಟ್ಟಿತು.

ಕುದುರೆ ಬಾಲವನ್ನು ಒಮ್ಮೆ ಜಾಡಿಸಿತು. ಹಿಡಿ ತುಂಬ ಕೂದಲು ಜಕ್ಕಲೆಯ ಮಡಿಲಿಗೆ ಬಿತ್ತು.

ಆಮೇಲೆ ರಾಳ. ಜಕ್ಕಲೆ ರೊಟ್ಟಿ, ಚಟ್ನಿಪುಡಿ, ಒಂದು ಕುಡಿಕೆ ಕುಸುಬಿ ಎಣ್ಣೆ ಕಟ್ಟಿಕೊಂಡು ಗುಡ್ಡ ಹತ್ತಿದಳು. ರಾಳದ ಮರಗಳ ನಡುವೆ ಆನೆಯಷ್ಟು ದೊಡ್ಡ ಕರಡಿಯೊಂದು ಮರಕ್ಕೆ ಬೆನ್ನು ಕೊಟ್ಟು ನಿಂತಿತ್ತು.

"ಮಂಡಿಯೂರು," ಎಂದು ಗುಡುಗಿತು.

"ಮಂಡಿ ಊರಂಗಿಲ್ಲ. ಬ್ಯಾರೆ ಏನರ ಕೇಳು."

ಕರಡಿ ಪಂಜ ಬೀಸಿತು. ಪಂಜ ಅವಳ ಮೂಗಿನ ಮುಂದೆ ಗಾಳಿ ಹಾಕಿ ಹೋಯಿತು, ಅವಳನ್ನು ಮುಟ್ಟಲಿಲ್ಲ. ಇನ್ನೊಮ್ಮೆ ಬೀಸಿತು. ಈಗಲೂ ಅಷ್ಟೇ. ಜಕ್ಕಲೆ ಪಕ್ಕಕ್ಕೆ ಸರಿದು ಬಗ್ಗಿ ನೋಡಿದಳು. ಕರಡಿಯ ಬೆನ್ನಿನ ಕೂದಲೆಲ್ಲ ರಾಳದಲ್ಲಿ ಮೆತ್ತಿ ಮರಕ್ಕೆ ಅಂಟಿಹೋಗಿತ್ತು.

"ಅಂಟ್ಕೊಂಡೀಯಲ್ಲೋ!"

"ಅಂಟಿಕೊಂಡಿಲ್ಲ," ಎಂದಿತು ಕರಡಿ ಗತ್ತಿನಿಂದ. "ಕಾವಲು ಕಾಯುತ್ತಿದ್ದೇನೆ."

"ಹಂಗಾರ ಒಂದ್ ಹೆಜ್ಜಿ ಮುಂದ ಬಾ."

"ಬರಲು ಮನಸ್ಸಿಲ್ಲ."

"ನೀನಾರ ಒಮ್ಮೆ ಮಂಡಿ ಊರು ನೋಡೂಣು, ನನಗ ಕಲಿಸು."

ಕರಡಿ ಬಗ್ಗಲು ಹೋಯಿತು, ಬೆನ್ನು ಚುರ್ ಎಂದಿತು, ಅಯ್ಯಯ್ಯೋ ಎಂದು ಅರಚಿತು. ಆಮೇಲೆ ಸಣ್ಣ ದನಿಯಲ್ಲಿ ಎಲ್ಲ ಹೇಳಿಕೊಂಡಿತು. ಡಿಂಡಿಮಕ ಇಲ್ಲೇ ಇರು ಎಂದು ನಿಲ್ಲಿಸಿ ಹೋದವನು ತಿರುಗಿ ನೋಡಿರಲಿಲ್ಲ. ಬೇಸಿಗೆಯ ಬಿಸಿಲಿಗೆ ರಾಳ ಕರಗಿ ಸುರಿದು ಮೈಗೆ ಹತ್ತಿತ್ತು. ಹಸಿವಾಗಿ ಎಷ್ಟು ಕಾಲವಾಯಿತೋ ಅದಕ್ಕೇ ಮರೆತುಹೋಗಿತ್ತು. ಜಕ್ಕಲೆ ರೊಟ್ಟಿಗೆಂದು ತಂದ ಎಣ್ಣೆಯನ್ನೆಲ್ಲ ಅದರ ಬೆನ್ನಿಗೆ ಸುರಿದು ತಿಕ್ಕಿದಳು. ಅಂಟು ಬಿಟ್ಟಿತು. ಕರಡಿ ಮುಂದಕ್ಕೆ ಬಿದ್ದು, ಎದ್ದು, ಎರಡು ಸಲ ಲಾಗ ಹಾಕಿ, ಎಣ್ಣೆ ಇಲ್ಲದ ಒಣ ರೊಟ್ಟಿಯನ್ನೂ ತಿಂದುಬಿಟ್ಟಿತು. ತಿಂದಾದಮೇಲೆ ಮರದಿಂದ ರಾಳದ ದೊಡ್ಡ ಉಂಡೆಯೊಂದನ್ನು ಕಿತ್ತು ಅವಳ ಕೈಗಿಟ್ಟಿತು. ಜಕ್ಕಲೆ ಹಸಿದುಕೊಂಡೇ ಊರಿಗೆ ಬಂದಳು.

ಬಿದಿರಿನ ಕಡ್ಡಿಗೆ ಕೂದಲು ಕಟ್ಟಿದಳು. ಅವ್ವ ಹೊಸೆದಿಟ್ಟಿದ್ದ ಹೊಸ ತಂತಿ ಮನೆಯಲ್ಲಿತ್ತು. ಕಮಾನನ್ನು ನಡುವೆ ಸೇರಿಸಿ ತಂತಿ ಬಿಗಿದಳು. ಇನ್ನು ರಾಳ ತಿಕ್ಕಿದರೆ ಸಾಕು. ಆದರೆ ತಿಕ್ಕುವವರು ಯಾರು?

"ನಾ ತಿಕ್ಕಂಗಿಲ್ಲ," ಎಂದ ತೆಮೂರಜ್ಜ.

"ನಾನೂ ಒಲ್ಲೆ," ಎಂದಳು ತಾಲಾ ಅತ್ತೆ. "ಮಾಳವ್ವ ಇನ್ನಾ ಜೀವಂತ ಅದಾಳ. ನಾವು ಕೈ ಹಚ್ಚಿದ್ರ ಆಕಿನ್ನ ನಾವೇ ಸಾಯಿಸಿದಂಗ."

ಕೇರಿಯೆಲ್ಲ ಸೇರಿ ಮಾತಾಡಿತು. ಜಕ್ಕಲೆಯೇ ತಿಕ್ಕಿಕೊಳ್ಳಲಿ ಎಂದು ಒಬ್ಬರೂ ಅನ್ನಲಿಲ್ಲ, ಜಕ್ಕಲೆಯೂ ಅನ್ನಲಿಲ್ಲ. ಕೊನೆಗೆ ಎಲ್ಲರೂ ಒಪ್ಪಿದ ದಾರಿ ಏನು ಗೊತ್ತೇ? ಸದ್ದೇ ಬಾರದ ಕಮಾನು ಹಿಡಿದುಕೊಂಡು ಜಕ್ಕಲೆ ಮಾಯಾವಿ ಇರುವ ಅರಮನೆಗೆ ಹೋಗಬೇಕು, ತಾಯಿಯನ್ನು ಹುಡುಕಬೇಕು, ಅವಳ ಕೈಯಿಂದ ತಿಕ್ಕಿಸಿಕೊಳ್ಳಬೇಕು! ಬೇರೆ ಊರಿನವರಾಗಿದ್ದರೆ ತಲೆ ಕೆಟ್ಟಿದೆಯೇ ಎನ್ನುತ್ತಿದ್ದರು. ಕಮಾನುಕೇರಿಯವರು ರೊಟ್ಟಿ ಬುತ್ತಿ ಕಟ್ಟಿಕೊಟ್ಟು ಕಳಿಸಿದರು.

ಬೆಳಿಗ್ಗೆ ಅರಮನೆಗೆ ಕಟ್ಟಿಗೆ ಹೊರುವವರ ಸಾಲಿನಲ್ಲಿ ಜಕ್ಕಲೆಯೂ ಸೇರಿಕೊಂಡಳು. ಕಟ್ಟಿಗೆಯ ಹೊರೆಯೊಳಗೆ ಜೋಡಿತಂತಿ ಇತ್ತು. ಕಾವಲಿನವರ ಕಣ್ಣು ತೆರೆದಿತ್ತು, ನೋಟವಿರಲಿಲ್ಲ. ಅವಳು ಮೆಟ್ಟಿಲಿಳಿದು ನೆಲಮಾಳಿಗೆಗೆ ಹೋದಳು.

ಅಲ್ಲಿ ಬೆಂಕಿ ಉರಿಯುತ್ತಿತ್ತು. ಚಾವಣಿಯಲ್ಲಿ ದುಂಡನೆಯ ಒಂದು ಕಂಡಿ, ಕಂಡಿಯ ಮೇಲೆ ಅಂಗಳದಲ್ಲಿ ನಗಾರಿ. ಕೆಳಗಿನ ಕಾವಿಗೆ ಅದರ ತೊಗಲು ಬಿಗಿದುಕೊಳ್ಳುತ್ತಿತ್ತು. ಬೆಂಕಿಗೆ ಕಟ್ಟಿಗೆ ಹಾಕುತ್ತಾ ಮಾಳವ್ವ ಕುಳಿತಿದ್ದಳು. ಬೆಂಕಿಯ ಆಚೆ ಒಂದು ಕೋಣ ಮಂಡಿಯೂರಿ ಬಿದ್ದಿತ್ತು. ಅದರ ಮೈಮೇಲೆ ತೊಗಲೇ ಇರಲಿಲ್ಲ. ಆದರೂ ಅದಕ್ಕೆ ಜೀವವಿತ್ತು.

ಜಕ್ಕಲೆ ಕಣ್ಣು ಮುಚ್ಚಿಕೊಳ್ಳಲಿಲ್ಲ.

"ಇಲ್ಲಿಗೆ ಬಂದವರೆಲ್ಲ ನನ್ನನ್ನು ಕಂಡು ಮುಖ ತಿರುಗಿಸುತ್ತಾರೆ," ಎಂದಿತು ಕೋಣ. "ನೀನು ನೋಡಿದೆ. ಮೇಲಿನ ನಗಾರಿಗೆ ಬಿಗಿದಿರುವುದು ನನ್ನ ತೊಗಲು. ಜೀವವಿರುವ ತೊಗಲಾದ್ದರಿಂದಲೇ ಅವನ ಮಾಟ ನಡೆಯುತ್ತದೆ. ಅವನು ಬಡಿದಾಗಲೆಲ್ಲ ಇಲ್ಲಿ ನನ್ನ ಮಂಡಿ ಮಡಿಚಿಕೊಳ್ಳುತ್ತದೆ. ನಾನು ಕರೆದರೆ ಆ ತೊಗಲು ಬರುತ್ತದೆ, ಆದರೆ ಬಡಿತದ ಗದ್ದಲದಲ್ಲಿ ಅದಕ್ಕೆ ನನ್ನ ದನಿ ಕೇಳುವುದಿಲ್ಲ. ಬಡಿತಕ್ಕಿಂತ ಉದ್ದವಾದ ನಾದವೊಂದು ಬೇಕು. ಆ ನಾದದ ಮೇಲೆ ನನ್ನ ಕರೆ ಹೋದೀತು."

"ಆ ನಾದ ನನ್ನ ಹತ್ರ ಐತಿ, ನಮ್ಮವ್ವ ಕಮಾನಿಗಿ ರಾಳ ತಿಕ್ಕಿದ್ರ ಸಾಕು," ಎಂದು ಜಕ್ಕಲೆ ತಾಯಿಯ ಮುಂದೆ ಹೋಗಿ ಕುಳಿತಳು. "ಯವ್ವಾ. ನಾನು, ಜಕ್ಕಿ."

ಮಾಳವ್ವ ಅವಳನ್ನು ನೋಡಿದಳು. ಗೋಡೆಯನ್ನು ನೋಡುವ ಹಾಗೆ ನೋಡಿದಳು. "ಅಪ್ಪಣೆ?" ಎಂದಳು.

"ಯವ್ವಾ, ನನ್ನ ಗುರ್ತು ಸಿಗಲಿಲ್ಲೇನು?"

"ಅಪ್ಪಣೆ?"

ರಾಳದ ಉಂಡೆ ಜಕ್ಕಲೆಯ ಕೈಯಲ್ಲೇ ಇತ್ತು.

"ಹೇಳು, ತಿಕ್ಕುತ್ತಾಳೆ," ಎಂದಿತು ಕೋಣ. "ಯಾರು ಏನು ಹೇಳಿದರೂ ಮಾಡುತ್ತಾಳೆ. ರಾಳ ತಿಕ್ಕು ಅಂದರೆ ಸಾಕು, ಅಪ್ಪಣೆ ಅಂತ ತಿಕ್ಕುತ್ತಾಳೆ. ಹೊತ್ತಾಗುತ್ತಿದೆ."

ಜಕ್ಕಲೆ ಬಾಯಿ ತೆರೆದಳು. ಮಾತು ನಾಲಿಗೆಯ ತುದಿಗೆ ಬಂದಿತ್ತು. ತಾಯಿಯ ಮಂಕು ಕಣ್ಣು ನೋಡಿ ಬಾಯಿ ಮುಚ್ಚಿದಳು.

"ಇಲ್ಲ," ಎಂದಳು. "ಅವ ಮಾಡೂದು ಅದನ್ನ. ನಮ್ಮವ್ವಗ ನಾ ಅಪ್ಪಣಿ ಮಾಡಾಕಿ ಅಲ್ಲ. ಮಾಡಿದ್ರ ನನಗೂ ಅವಗೂ ಏನ್ ಫರಕು ಉಳೀತು?"

"ಹಾಗಾದರೆ ಕಮಾನು ಮೂಕ," ಎಂದಿತು ಕೋಣ.

ಜಕ್ಕಲೆ ಕಟ್ಟಿಗೆಯ ಹೊರೆಯಿಂದ ಜೋಡಿತಂತಿಯನ್ನು ಹೊರಗೆ ತೆಗೆದಳು. ಆಮೇಲೆ ರಾಳದ ಉಂಡೆಯನ್ನು ತೆಗೆದುಕೊಂಡು ತನ್ನ ಕಮಾನಿಗೆ ತಾನೇ ತಿಕ್ಕತೊಡಗಿದಳು. ಕಣ್ಣೀರು ಸುರಿಯುತ್ತಿತ್ತು, ಕೂದಲಿಗೆ ತಾಗದಂತೆ ಮುಖ ಪಕ್ಕಕ್ಕೆ ಹೊರಳಿಸಿ ತಿಕ್ಕಿದಳು. "ಕೇರಿಯವ್ರು ನನ್ನ ತಾಯಿಲ್ಲದಾಕಿ ಅನ್ಲಿ. ನಮ್ಮವ್ವ ಇಲ್ಲೇ ಕುಂತಾಳ. ಇದ್ದಾಳ ಅಂತ ನನಗ ಗೊತ್ತೈತಿ," ಎಂದು ತನಗೆ ತಾನೇ ಹೇಳಿಕೊಂಡಳು. ಮಾಯಾವಿಯ ಡಂಗುರ ಮುರಿಯುವುದು ಅವಳಿಗೆ ಕಷ್ಟವೆನಿಸಿರಲಿಲ್ಲ. ಕಷ್ಟವಾದದ್ದು ತನ್ನವರದೇ ಕಟ್ಟಳೆ ಮುರಿಯುವುದು.

ಅಷ್ಟರಲ್ಲಿ ಮೇಲೆ ಢಂ ಎಂದಿತು. ನಡುಹಗಲಿನ ನಗಾರಿ. ಮಾಳವ್ವ ಎದ್ದು, ಯಾರೋ ದಾರ ಕಟ್ಟಿ ಎಳೆದವರಂತೆ, ಮೆಟ್ಟಿಲು ಹತ್ತಿ ಹೋದಳು. ಜಕ್ಕಲೆ ಜೋಡಿತಂತಿಯನ್ನು ಸೊಂಟಕ್ಕೆ ಬಿಗಿದು ಕಮಾನು ಎಳೆದಳು.

ನಾದ ಬಂತು. ಒರಟಾದ, ಉದ್ದನೆಯ, ಹಸಿದವರ ಕೂಗಿನಂಥ ನಾದ. ಕೋಣದ ಮಂಡಿ ನೆಲ ಬಿಟ್ಟಿತು. ಅದು ತತ್ತರಿಸುತ್ತಾ ಎದ್ದು ನಿಂತಿತು. ಇಬ್ಬರೂ ಮೆಟ್ಟಿಲು ಹತ್ತಿ ಅಂಗಳಕ್ಕೆ ಬಂದರು.

ಅಂಗಳದ ತುಂಬ ಜನ ಮಂಡಿಯೂರಿದ್ದರು. ಅರಸ ಸಿಂಹಬಲನೂ ಕಿರೀಟ ಕಂಕುಳಲ್ಲಿಟ್ಟುಕೊಂಡು ಊರಿದ್ದ. ಕಟ್ಟೆಯ ಮೇಲೆ ಡಿಂಡಿಮಕ ಎರಡು ಕೋಲು ಹಿಡಿದು ನಗಾರಿ ಬಡಿಯುತ್ತಿದ್ದ. ಜಕ್ಕಲೆಯನ್ನು ಕಂಡು ಅವನ ಹುಬ್ಬು ಮೇಲೇರಿತು.

"ಮಂಡಿಯೂರು!"

"ಮಂಡಿ ಊರಂಗಿಲ್ಲ!" ಎಂದಳು ಜಕ್ಕಲೆ. ಈ ಸಲ ಬೇರೆ ಏನಾದರೂ ಕೇಳು ಎನ್ನಲಿಲ್ಲ.

ಅವನು ಬಡಿತ ಜೋರು ಮಾಡಿದ. ಅವಳು ಕಮಾನು ಎಳೆದಳು. ಅವನು ಬೇಗ ಬೇಗ ಬಡಿದ. ಬಡಿತ ಎಷ್ಟು ಬೇಗ ಬಂದರೂ ನಡುವೆ ಸಂದು ಇದ್ದೇ ಇತ್ತು, ಆ ಸಂದಿನಲ್ಲೆಲ್ಲ ಜೋಡಿತಂತಿಯ ನಾದ ತುಂಬಿಕೊಂಡಿತು. ಅಂಗಳದಲ್ಲಿ ಒಂದೊಂದೇ ತಲೆ ಮೇಲೆದ್ದಿತು.

"ನಿಲ್ಲಿಸು, ನಿನ್ನ ತಾಯಿಯನ್ನು ಕೊಟ್ಟುಬಿಡುತ್ತೇನೆ," ಎಂದ ಡಿಂಡಿಮಕ.

"ಆಕಿ ನಿನ್ನ ಸಾಮಾನಲ್ಲ, ಕೊಡಾಕ!"

ಮಾಯಾವಿಗೆ ಉರಿ ಹತ್ತಿತು. ನೆಲಮಾಳಿಗೆಯಿಂದ ಏಳುತ್ತಿದ್ದ ಹೊಗೆಯಲ್ಲಿ ನಿಂತಿದ್ದ ಮಾಳವ್ವನ ಕಡೆ ತಿರುಗಿದ. "ಏ ಮುದುಕಿ, ಆ ಕಮಾನನ್ನು ಕಿತ್ತುಕೋ!"

"ಅಪ್ಪಣೆ," ಎಂದಳು ಮಾಳವ್ವ. ಬಂದಳು. ಕಮಾನಿನ ತುದಿಯನ್ನು ಗಟ್ಟಿಯಾಗಿ ಹಿಡಿದಳು. ನಾದ ನಿಂತಿತು.

ನಾದ ನಿಂತ ಕೂಡಲೇ ಎತ್ತಿದ ತಲೆಗಳೆಲ್ಲ ಬಗ್ಗಿದವು, ಕೋಣದ ಮುಂಗಾಲು ಕುಸಿಯಿತು. ಜಕ್ಕಲೆ ಗಂಟಲಿನಲ್ಲೇ ಗುನುಗು ಹಿಡಿದಳು, ತಾಯಿಯನ್ನು ತಳ್ಳಲಿಲ್ಲ. ಕಮಾನಿನ ಇನ್ನೊಂದು ತುದಿಯನ್ನು ಬಿಡಲೂ ಇಲ್ಲ.

"ಎಳೆ!" ಎಂದು ಕೂಗಿದ ಡಿಂಡಿಮಕ.

ಮಾಳವ್ವ ಎಳೆದಳು. ಬೇರೆ ಯಾವ ದೇಶದ ವಾದ್ಯವಾಗಿದ್ದರೂ ಕಮಾನು ಅವಳ ಕೈಗೆ ಬಂದುಬಿಡುತ್ತಿತ್ತು. ಇದು ಜೋಡಿತಂತಿ. ಕೂದಲು ಎರಡು ತಂತಿಗಳ ನಡುವೆ ಸಿಕ್ಕಿಕೊಂಡಿತ್ತು, ಹೊರಗೆ ಬರುವ ದಾರಿಯೇ ಇರಲಿಲ್ಲ. ತಾಯಿ ಎಳೆದಾಗ ಕಮಾನು ತಂತಿಯುದ್ದಕ್ಕೂ ಉಜ್ಜಿ ಅತ್ತ ಹೋಯಿತು, ಝೇಯ್ ಎಂದು ಹಾಡಿತು. ಮಗಳು ಇತ್ತ ಎಳೆದಳು, ಮತ್ತೆ ಹಾಡಿತು.

"ಎಳೆ! ಇನ್ನೂ ಜೋರಾಗಿ ಎಳೆ!"

"ಅಪ್ಪಣೆ."

ಅವನು ಎಳೆ ಎಂದಷ್ಟೂ ಮಾಳವ್ವ ಎಳೆದಳು. ಅವಳು ಎಳೆದಷ್ಟೂ ನಾದ ದೊಡ್ಡದಾಯಿತು. ತಾಯಿಯ ಬಲ, ಮಗಳ ಹಟ, ಒಂದೇ ಕಮಾನಿನ ಎರಡು ತುದಿಯಲ್ಲಿ ಗರಗಸದ ಹಾಗೆ ಹೋಗಿ ಬರುತ್ತಿದ್ದವು. ಅಷ್ಟು ದೊಡ್ಡ ನಾದವನ್ನು ಸೆಳೆಯೂರು ಹಿಂದೆ ಎಂದೂ ಕೇಳಿರಲಿಲ್ಲ. ಡಿಂಡಿಮಕನಿಗೆ ತಾನೇನು ಮಾಡಿಸುತ್ತಿದ್ದೇನೆಂದು ತಿಳಿಯುವ ಹೊತ್ತಿಗೆ ಕಾಲ ಮಿಂಚಿತ್ತು. ಕೋಣ ಎದ್ದು ನಿಂತು, ಕತ್ತು ಚಾಚಿ, ಆ ನಾದದ ಮೇಲೆ ತನ್ನ ದನಿಯಿಟ್ಟು ಕರೆಯಿತು.

ನಗಾರಿಯ ತೊಗಲು ನಡುಗಿತು. ಬಿಗಿದಿದ್ದ ಹಗ್ಗಗಳು ಒಂದರ ಹಿಂದೊಂದು ಪಟ್ ಪಟ್ ಎಂದು ಹರಿದವು. ತೊಗಲು ತಾಮ್ರದ ಹಂಡೆ ಬಿಟ್ಟು ಮೇಲೆದ್ದಿತು, ಜನರ ತಲೆಯ ಮೇಲಿಂದ ಹಾದು ಬಂದು ಕಂಬಳಿಯಂತೆ ಕೋಣದ ಮೈಮೇಲೆ ಕೂತಿತು. ಅದರ ಬೆನ್ನ ಮೇಲೆ ನೊಣವೊಂದು ಬಂದು ಕುಳಿತಿತು. ಕೋಣ ತೊಗಲು ಅದುರಿಸಿ ನೊಣ ಓಡಿಸಿತು. ಎಷ್ಟೋ ಕಾಲದ ಮೇಲೆ ನೊಣ ಕಚ್ಚಿದ್ದಕ್ಕೆ ಅದಕ್ಕೆ ಎಷ್ಟು ಸಂತೋಷವಾಯಿತು ಎಂದರೆ, ನಿಂತಲ್ಲೇ ನೆಲ ಕೆರೆಯಿತು.

ಡಿಂಡಿಮಕ ಬರಿಯ ಹಂಡೆ ಬಡಿದ. ಟಣ್ ಎಂದಿತು. ಯಾರೋ ನಕ್ಕರು. ಇನ್ನೊಮ್ಮೆ ಬಡಿದ. ಇಡೀ ಅಂಗಳ ನಕ್ಕಿತು. ಆ ಮನುಷ್ಯನ ಎದೆಯಲ್ಲಿ ಗುಂಡಿಗೆಯ ಜಾಗದಲ್ಲಿ ಇದ್ದದ್ದು ನಗಾರಿಯ ಬಡಿತವೊಂದೇ. ಅದು ನಿಂತಮೇಲೆ ಅವನ ನಿಲುವಂಗಿ ಕುಸಿದು ಕಟ್ಟೆಯ ಮೇಲೆ ಬಿತ್ತು. ಎತ್ತಿ ನೋಡಿದರೆ ಒಳಗೆ ಯಾರೂ ಇರಲಿಲ್ಲ.

ಜನ ಎದ್ದರು. ಮಂಡಿ ಉಜ್ಜಿಕೊಂಡರು. ಒಬ್ಬರ ಮುಖ ಒಬ್ಬರು ನೋಡಿದರು. ಅರಸ ಸಿಂಹಬಲ ಕಿರೀಟವನ್ನು ತಲೆಗೆ ಇಟ್ಟುಕೊಂಡು ಜಕ್ಕಲೆಯ ಹತ್ತಿರ ಬಂದ.

"ತಾಯೀ, ನಗಾರಿ ಇದ್ದ ಕಟ್ಟೆ ಇನ್ನು ನಿನ್ನದು. ದಿನವೂ ನೀನು ನುಡಿಸು. ಎಲ್ಲರೂ ಬಂದು ಕೇಳಲೇಬೇಕೆಂದು ನಾನು ಅಪ್ಪಣೆ ಮಾಡುತ್ತೇನೆ."

"ಆ ಮಾತು ಇನ್ನೊಮ್ಮೆ ಆಡಬ್ಯಾಡ್ರಿ, ಅರಸ್ರ," ಎಂದಳು ಜಕ್ಕಲೆ. "ಅಪ್ಪಣಿ ಮಾಡಿ ಕೇಳಸೂದಾದ್ರ ನಾ ನುಡಸಂಗಿಲ್ಲ. ಬೇಕಾದವ್ರು ಬರ್ತಾರ, ಬ್ಯಾಡಾದವ್ರು ಮನ್ಯಾಗ ಮಲಗತಾರ."

ಅರಸ ತಲೆ ತಗ್ಗಿಸಿ ಹಿಂದೆ ಸರಿದ. ಜಕ್ಕಲೆ ತಾಯಿಯ ಕಡೆ ತಿರುಗಿದಳು.

ಮಾಳವ್ವ ಇನ್ನೂ ಕಮಾನಿನ ತುದಿ ಹಿಡಿದು ನಿಂತಿದ್ದಳು. ಅವಳ ಕಣ್ಣು ಮಂಕಾಗಿತ್ತೋ, ಹೊಗೆಗೆ ಕೆಂಪಾಗಿತ್ತೋ ಹೇಳುವಂತಿರಲಿಲ್ಲ. ಎಲ್ಲರಿಗಿಂತ ಹತ್ತಿರದಲ್ಲಿ ನಗಾರಿ ಕೇಳಿದವಳು ಅವಳು. ಹೋದ ಮನಸ್ಸು ತಿರುಗಿ ಬಂತೋ ಇಲ್ಲವೋ? ಕಮಾನುಕೇರಿಯವರು ಓಡೋಡಿ ಬಂದವರು ಬಾಗಿಲಲ್ಲೇ ನಿಂತರು. ಜಕ್ಕಲೆಗೆ ಕೇಳಲು ಹೆದರಿಕೆ, ಕೇಳದೆ ಇರಲೂ ಆಗದು. ಕುದುರೆಗೂ ಕರಡಿಗೂ ಹೆದರದವಳು ತನ್ನ ತಾಯಿಯ ಉತ್ತರಕ್ಕೆ ಹೆದರಿದಳು.

"ಯವ್ವಾ," ಎಂದಳು ಮೆಲ್ಲಗೆ. "ಬಾ, ಮನಿಗಿ ಹೋಗೂಣು."

ಮಾಳವ್ವ ಮಗಳ ಮುಖ ನೋಡಿದಳು. ತುಟಿ ಅಲುಗಿತು.

"ಒಲ್ಲೆ," ಎಂದಳು.

ಬಾಗಿಲಲ್ಲಿ ನಿಂತವರೆಲ್ಲ ಕತ್ತು ಚಾಚಿದರು.

"ಒಲ್ಲೆ. ಕಾಲು ಬಿದ್ದು ಹೋಗ್ಯಾವು. ನಾ ಇಲ್ಲೇ ಕುಂಡ್ರಾಕಿ. ನಿನಗ ಅವಸರ ಇದ್ರ ನೀ ಹೋಗು."

ಹೇಳಿದವಳೇ ಮಾಯಾವಿಯ ಕಟ್ಟೆಯ ಮೇಲೆ ಕಾಲು ಚಾಚಿ ಕುಳಿತುಬಿಟ್ಟಳು. ಜಕ್ಕಲೆ ತಾಯಿಯ ಮಡಿಲಿಗೆ ಬಿದ್ದು ಗೊಳೋ ಎಂದು ಅತ್ತಳು, ಅಳುತ್ತಲೇ ನಕ್ಕಳು. "ಇನ್ನೊಮ್ಮೆ ಹೇಳ ಯವ್ವಾ, ಇನ್ನೊಮ್ಮೆ ಹೇಳ!" ಎಂದಳು.

"ಹೇಳಂಗಿಲ್ಲ ಹೋಗು," ಎಂದಳು ಮಾಳವ್ವ, ಮಗಳ ತಲೆ ಸವರುತ್ತಾ.

ಅಲ್ಲಿಂದ ಮುಂದೆ ಕುದುರೆಗಳ ಬಾಲ ಬೆಳೆದವು, ಮನೆಮನೆಯಲ್ಲೂ ಕಮಾನು ಬಂದವು, ಸೆಳೆಯೂರಿನವರು ನೂರುಕಾಲ ಸುಖವಾಗಿ ಬಾಳಿದರು. ಜಗಳವಾಡಿಕೊಂಡೇ ಬಾಳಿದರು. ಅತ್ತೆ ಕರೆದರೆ ಸೊಸೆ ಒಲ್ಲೆ ಎನ್ನುತ್ತಿದ್ದಳು, ಅರಸ ಕರೆದರೆ ಸಿಪಾಯಿ ಒಲ್ಲೆ ಎನ್ನುತ್ತಿದ್ದ. ಆ ಮಾತು ಬೀದಿಯಲ್ಲಿ ಎಲ್ಲಿ ಕೇಳಿದರೂ ಜಕ್ಕಲೆ ಮಾಡುತ್ತಿದ್ದ ಕೆಲಸ ಬಿಟ್ಟು, ಒಂದು ಗಳಿಗೆ ನಿಂತು, ಅದನ್ನು ಕಿವಿ ತುಂಬ ಕೇಳಿಕೊಂಡು ಮುಂದೆ ಹೋಗುತ್ತಿದ್ದಳು.